ವಿದೇಶದಲ್ಲಿ ಮೊಬೈಲ್ ನೆಟ್ ಕೈಕೊಟ್ರೆ ಎಲ್ಲಿಂದ ಹುಡುಕೋದು

ಶಿರಸಿಯಿಂದ ಕಾಳುಮೆಣಸು, ಏಲಕ್ಕಿ ವ್ಯಾಪಾರಕ್ಕೆ ದುಬೈಗೆ ಹೋಗುವವ್ರು, ಭಟ್ಕಳದಿಂದ ಅಲ್ಲಿನ ಅಂಗಡಿ ನೋಡ್ಕೊಳ್ಳೋಕೆ ಆಗಾಗ ಹೋಗಿ ಬರುವವ್ರು, ಕಾರವಾರ ಹೊನ್ನಾವರದ ಕಡೆ ಮೀನು ಎಕ್ಸ್‌ಪೋರ್ಟ್ ಮಾಡುವವ್ರು, ಮಷಿನ್ ನೋಡ್ಬೇಕು ಅಂತ ಚೀನಾದ ಗ್ವಾಂಗ್‌ಝೌನಲ್ಲಿ ಆಗುವ ಕ್ಯಾಂಟನ್ ಫೇರಿಗೆ ಹೋಗುವವ್ರು, ಎಲ್ರದ್ದೂ ಒಂದೇ ತರದ ಮೆಸೇಜ್ ಬರ್ತದೆ, ಅದೂ ಹೋಟೆಲ್ ವೈಫೈ ಸಿಕ್ಕಿದ ಮೇಲೆ: "ನೆಟ್ ಬರ್ತಾ ಇಲ್ಲ ಮಾರಾಯ, ಏನ್ ಮಾಡೂದು?"

ಇಷ್ಟು ಹೇಳಿದ್ರೆ ಯಾರಿಗೂ ಏನೂ ಗೊತ್ತಾಗಲ್ಲ. ಮೊದ್ಲು ಫೋನ್ ಟವರ್ ಹಿಡೀತಾ ಅದ್ಯಾ ನೋಡ್ಬೇಕು, ಹಿಡಿದಿದ್ರೆ ಅದರ ಮೇಲೆ ಡೇಟಾ ಹೋಗ್ತಾ ಅದ್ಯಾ, ಡೇಟಾ ಹೋಗ್ತಾ ಇದ್ರೆ ಯಾವ ಆ್ಯಪ್ ಮಾತ್ರ ಕೆಲಸ ಮಾಡ್ತಿಲ್ಲ. ಈ ಮೂರರಲ್ಲಿ ನಿಮ್ದು ಯಾವ್ದು ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು. ಇನ್ನೊಂದು ಮಾತು, ಇದು ನನ್ನ ಗಟ್ಟಿ ಅಭಿಪ್ರಾಯ: ಅಲ್ಲಿ ಕಾಣಿಸುವ ದೋಷಗಳಲ್ಲಿ ಬಹಳಷ್ಟು ಇಲ್ಲಿಂದಲೇ ಜೇಬಲ್ಲಿ ಇಟ್ಕೊಂಡು ಹೋದವು. ಅದಕ್ಕೇ ಮೊದ್ಲು ಮನೆಯಿಂದಲೇ ಶುರು ಮಾಡ್ತೇನೆ.

ಮನೇಲಿ ಎಲ್ಲ ಸರಿ ಇತ್ತು, ಅಲ್ಲಿ ಇಳಿದ ಕೂಡ್ಲೆ ಏನೂ ಇಲ್ಲ

ನಮ್ಮ ಕಡೆ ಇದು ಜಾಸ್ತಿ, ಅದಕ್ಕೆ ಕಾರಣಾನೂ ಅದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿ ಮನೆಗಳಲ್ಲಿ ಟವರ್ ಸಿಗೋದೇ ಕಷ್ಟ, ಹಾಗಾಗಿ ಫೈಬರ್ ಹಾಕಿಸ್ಕೊಂಡು ವೈಫೈ ಕಾಲಿಂಗಲ್ಲೇ ಬದುಕ್ತೇವೆ. ಕಾಲ್ ಬರ್ತದೆ, ವಾಟ್ಸಾಪ್ ಬರ್ತದೆ, ಎಲ್ಲ ಸರಿ ಅದೆ ಅಂತ ಅನಿಸ್ತದೆ. ಆದ್ರೆ ಸಿಮ್ಮಿನ ಡೇಟಾ ಸೆಟ್ಟಿಂಗ್ ತಿಂಗಳುಗಟ್ಲೆಯಿಂದ ಕೆಟ್ಟು ಕೂತಿರ್ತದೆ, ವೈಫೈ ಅದನ್ನ ಮುಚ್ಚಿಟ್ಟಿರ್ತದೆ ಅಷ್ಟೆ. ದುಬೈ ಏರ್‌ಪೋರ್ಟಿನಲ್ಲಿ ಅದು ಹೊರಗೆ ಬರ್ತದೆ.

ಇದಕ್ಕೆ ಖರ್ಚಿಲ್ಲದ ಪರೀಕ್ಷೆ: ಹೊರಡೋಕೆ ಒಂದು ವಾರ ಮುಂಚೆ ಪೇಟೆಗೆ ಹೋದಾಗ, ಶಿರಸಿ ಬಸ್‌ಸ್ಟ್ಯಾಂಡೋ ಕಾರವಾರದ ಬೀಚ್ ರೋಡೋ ಎಲ್ಲಿ ಟವರ್ ಚೆನ್ನಾಗಿ ಬರ್ತದೋ ಅಲ್ಲಿ, ವೈಫೈ ಪೂರ್ತಿ ಆಫ್ ಮಾಡಿ, ವೈಫೈ ಕಾಲಿಂಗ್ ಕೂಡ ಆಫ್ ಮಾಡಿ, ಒಂದು ಕಾಲ್ ಮಾಡಿ, ಒಂದು ಎಸ್‌ಎಂಎಸ್ ಕಳ್ಸಿ, ಒಂದು ವೆಬ್‌ಸೈಟ್ ತೆಗೀರಿ. ಮೂರೂ ಆದ್ರೆ ಸಿಮ್ಮೂ ಫೋನೂ ಸರಿ. ಮೂರರಲ್ಲಿ ಯಾವ್ದಾದ್ರೂ ಒಂದು ಆಗದಿದ್ರೆ ಅದು ರೋಮಿಂಗ್ ಸಮಸ್ಯೆ ಅಲ್ಲವೇ ಅಲ್ಲ, ಇಲ್ಲೇ ಸರಿ ಮಾಡ್ಕೊಳ್ಳಿ.

ಸಿಮ್ ಹಳೇದಾಗಿದ್ರೆ ಬದಲಿಸೋದೂ ಆಗಲೇ. ಹೊರಡುವ ಹಿಂದಿನ ದಿನ ಡೂಪ್ಲಿಕೇಟ್ ಸಿಮ್ ತೆಗೆದ್ಕೊಳ್ಳೋದು, ಸಿಮ್ಮನ್ನ ಇಸಿಮ್ (ಕಾರ್ಡಿಲ್ಲದೆ ಫೋನೊಳಗೇ ಇಳಿಸ್ಕೊಳ್ಳೋ ಸಿಮ್) ಮಾಡ್ಸೋದು, ಇವೆಲ್ಲ ಬೇಡ. ನಮ್ಮ ದೇಶದ ನಿಯಮದ ಪ್ರಕಾರ ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬಂದ್ ಇರ್ತದೆ, ಅಂದ್ರೆ ಬ್ಯಾಂಕ್ ಒಟಿಪಿ ಇಲ್ಲ, ರೋಮಿಂಗ್ ಶುರು ಆದ ಮೆಸೇಜ್ ಕೂಡ ಇಲ್ಲ.

ಕಡ್ಡಿಯೇ ಇಲ್ಲ, 'ನೋ ಸರ್ವಿಸ್' ಅಂತ ತೋರಿಸ್ತದೆ

ವಿಮಾನ ಇಳಿದ ಮೇಲೆ ಐದು ಹತ್ತು ನಿಮಿಷ ಕಾಯಿರಿ, ಹೊಸ ದೇಶದಲ್ಲಿ ಫೋನ್ ಎಲ್ಲ ನೆಟ್ವರ್ಕನ್ನೂ ಹುಡುಕಿ, ನಮ್ಮ ಕಂಪನಿಯನ್ನ ಕೇಳಿ, ಒಪ್ಪಿಗೆ ತಗೊಂಡು ಆಮೇಲೆ ಸೇರ್ಕೊಳ್ತದೆ, ಸ್ವಲ್ಪ ಹೊತ್ತು ಬೇಕು. ಆಗ್ಲಿಲ್ಲ ಅಂದ್ರೆ ಏರ್‌ಪ್ಲೇನ್ ಮೋಡ್ ಒಂದು ನಿಮಿಷ ಹಾಕಿ ತೆಗೀರಿ. ಅದೂ ಆಗದಿದ್ರೆ ಫೋನ್ ಪೂರ್ತಿ ಆಫ್ ಮಾಡಿ ಆನ್ ಮಾಡಿ. ನಗ್ಬೇಡಿ, ಬಹಳ ಸಲ ಇಷ್ಟಕ್ಕೇ ಮುಗೀತದೆ.

ಆಮೇಲೆ ನೋಡಬೇಕಾದ್ದು ನೆಟ್ವರ್ಕ್ ಆಯ್ಕೆ. ಮಾಜಾಳಿ, ಸದಾಶಿವಗಡದ ಕಡೆಯವ್ರ ಫೋನು ಗೋವಾ ಟವರ್ ಹಿಡ್ಕೊಂಡು ಸತಾಯಿಸ್ತದೆ ಅಂತ ಕೆಲವರು ನೆಟ್ವರ್ಕ್ ಆಯ್ಕೆಯನ್ನ ಮ್ಯಾನುವಲ್ ಮಾಡಿ ಇಟ್ಟಿರ್ತಾರೆ, ಮಾಡಿದ್ದು ಮರೆತೂ ಹೋಗಿರ್ತದೆ. ಆ ಫೋನು ಅಬುಧಾಬಿಯಲ್ಲೂ ಕರ್ನಾಟಕದ ನೆಟ್ವರ್ಕನ್ನೇ ಹುಡುಕ್ತಾ ಕೂತಿರ್ತದೆ. ಸೆಟ್ಟಿಂಗ್ಸಲ್ಲಿ ಮೊಬೈಲ್ ನೆಟ್ವರ್ಕ್, ಅದರೊಳಗೆ ನೆಟ್ವರ್ಕ್ ಆಪರೇಟರ್ಸ್, ಅದನ್ನ ಆಟೋಮ್ಯಾಟಿಕ್ ಮಾಡಿ. ಆಟೋಮ್ಯಾಟಿಕ್ ಇದ್ದೂ ಹಿಡೀದಿದ್ರೆ ಉಲ್ಟಾ ಮಾಡಿ, ಮ್ಯಾನುವಲ್ ಹಾಕಿ, ಪಟ್ಟಿ ಬರೋ ತನಕ ಎರಡ್ಮೂರು ನಿಮಿಷ ಕಾದು, ಒಂದೊಂದೇ ಹೆಸ್ರು ಒತ್ತಿ ನೋಡಿ. ಯುಎಇಯಲ್ಲಾದ್ರೆ ಎತಿಸಲಾತ್ (ಈಗಿನ ಹೆಸ್ರು e&) ಅಥವಾ ಡು ಕಾಣಿಸ್ತದೆ, ಸಿಂಗಾಪುರದಲ್ಲಾದ್ರೆ ಸಿಂಗ್‌ಟೆಲ್, ಸ್ಟಾರ್‌ಹಬ್, ಎಂ1.

ಇಲ್ಲಿ ಸಿಗುವ ಉತ್ತರದಲ್ಲೇ ಅರ್ಥ ಅದೆ. ಪಟ್ಟಿಯಲ್ಲಿ ಹೆಸ್ರುಗಳು ಬರ್ತವೆ ಆದ್ರೆ ಎಲ್ಲದಕ್ಕೂ 'ಅನುಮತಿ ಇಲ್ಲ' ಅಂತ ಬರ್ತದೆ ಅಂದ್ರೆ ಫೋನು, ಆಂಟೆನಾ ಸರಿ ಅದೆ, ನಿಮ್ಮ ನಂಬರಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಆಗಿಲ್ಲ, ಅಥವಾ ಪ್ರೀಪೇಯ್ಡಿನ ಮೂಲ ರೀಚಾರ್ಜ್ ವ್ಯಾಲಿಡಿಟಿ ಮುಗ್ದಿದೆ. ರೋಮಿಂಗ್ ಪ್ಯಾಕ್ ಹಾಕಿದ್ರೂ ಕೆಳಗೆ ಮಾಮೂಲಿ ಪ್ಲಾನ್ ಜೀವಂತ ಇರ್ಬೇಕು ಅನ್ನೋದು ಬಹಳ ಜನಕ್ಕೆ ಗೊತ್ತಿರಲ್ಲ. ಇದು ಹೋಟೆಲ್ ವೈಫೈಯಲ್ಲಿ ಕಂಪನಿ ಆ್ಯಪ್ ತೆಗೆದ್ರೆ ಐದು ನಿಮಿಷದ ಕೆಲಸ. ಪಟ್ಟಿಯೇ ಖಾಲಿ ಬರ್ತದೆ ಅಂದ್ರೆ ಕಥೆ ಬೇರೆ. ಒಂದೋ ಫೋನಿಗೆ ಆ ದೇಶದ ಬ್ಯಾಂಡ್ (ಟವರು ಬಳಸೋ ರೇಡಿಯೋ ತರಂಗದ ಪಟ್ಟಿ) ಇಲ್ಲ, ಇಲ್ಲ ಫೋನಿನ ಸಿಗ್ನಲ್ ಭಾಗಾನೇ ಕೆಟ್ಟಿದೆ.

ಬ್ಯಾಂಡ್ ವಿಷಯ ಸ್ವಲ್ಪ ಹೇಳ್ತೇನೆ. ಇಲ್ಲಿ ಮಾರುವ ಕಮ್ಮಿ ರೇಟಿನ ಫೋನುಗಳಲ್ಲಿ 4ಜಿ ಬ್ಯಾಂಡ್ 1, 3, 5, 8, 40, 41 ಇರ್ತವೆ, ನಮಗೆ ಅಷ್ಟು ಸಾಕು. ಗಲ್ಫಿನಲ್ಲಿ ಬ್ಯಾಂಡ್ 3 ಇರೋದ್ರಿಂದ ತೊಂದ್ರೆ ಕಮ್ಮಿ. ಅಮೆರಿಕದಲ್ಲಿ ಬ್ಯಾಂಡ್ 2, 4, 12, 13, 66, 71 ಇವುಗಳದ್ದೇ ಕಾರುಬಾರು, ಹಾಗಾಗಿ ಊರೊಳಗೆ ಬಂದ ಸಿಗ್ನಲ್ ಹೈವೇಗೆ ಹೋದ ಕೂಡ್ಲೆ ಮಾಯ. ಹಳೇ 3ಜಿ ಫೋನು ಇಟ್ಕೊಂಡವ್ರಿಗೆ ಇನ್ನೂ ಕಷ್ಟ: ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಮುಚ್ಚಿದ್ವು, ಸಿಂಗಾಪುರ ಮತ್ತೆ ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಮುಚ್ಚಿದ್ರು. ಅಲ್ಲೆಲ್ಲ ಕಾಲ್ ಕೂಡ 4ಜಿ ಮೇಲೇ ಹೋಗ್ಬೇಕು, ಸೆಟ್ಟಿಂಗ್ಸಲ್ಲಿ ಅದಕ್ಕೆ ಇರುವ ವೋಲ್ಟಿ (VoLTE) ಬಟನ್ ಆನ್ ಇರ್ಬೇಕು. ಡೇಟಾ ಬರ್ತದೆ ಕಾಲ್ ಮಾತ್ರ ಹೋಗಲ್ಲ ಅನ್ನುವವ್ರು ಮೊದ್ಲು ಅದನ್ನೇ ನೋಡಿ.

ಇಷ್ಟಾದ್ರೂ ಆಗದಿದ್ರೆ ಸಿಮ್ ತೆಗೆದು ನೋಡಿ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆಗಾಲದ ತೇವ, ಎರಡೂ ಸಿಮ್ಮಿಗೆ ಆಗದ ವಸ್ತು. ಚಿನ್ನದ ಬಣ್ಣದ ಆ ಸಣ್ಣ ಚೌಕಗಳ ಅಂಚಲ್ಲಿ ಹಸಿರು ಅಥವಾ ಕಪ್ಪು ಕಲೆ ಕಂಡ್ರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಒಂದೆರಡು ಸಲ ಉಜ್ಜಿ, ಒಣ ಬಟ್ಟೇಲಿ ರಬ್ಬರಿನ ಪುಡಿ ಒರೆಸಿ, ವಾಪಸ್ ಹಾಕಿ. ನೀರು, ಸೆಂಟು, ಬ್ಲೇಡು ಏನೂ ಬೇಡ. ಟ್ರೇ ತೆಗೆಯೋ ಪಿನ್ ಪರ್ಸಲ್ಲಿ ಇಟ್ಕೊಂಡು ಹೋಗಿ, ಅಲ್ಲಿ ಹೋಟೆಲ್ ರಿಸೆಪ್ಷನ್ನಲ್ಲಿ ಸೇಫ್ಟಿ ಪಿನ್ ಕೇಳ್ತಾ ನಿಲ್ಲೋ ಪರಿಸ್ಥಿತಿ ಬೇಡ.

ನಿಲ್ಲಿಸ್ಬೇಕಾದ ಜಾಗ: ಸಿಮ್ ಹಾಕಿದ ಮೇಲೆ ಪಿನ್ ಕೇಳಿ, ನೀವು ಮೂರು ಸಲ ತಪ್ಪು ಹೊಡ್ದು, ಪಿಯುಕೆ (ಲಾಕ್ ಆದ ಸಿಮ್ ಬಿಡಿಸೋ ಕೋಡ್) ಕೇಳ್ತಾ ಅದೆ ಅಂದ್ರೆ ಅಂದಾಜಿಗೆ ಹೊಡೀಬೇಡಿ. ಪಿಯುಕೆ ಹತ್ತು ಸಲ ತಪ್ಪಿದ್ರೆ ಆ ಸಿಮ್ ಶಾಶ್ವತವಾಗಿ ಸತ್ತುಹೋಗ್ತದೆ, ವಿದೇಶದಲ್ಲಿ ಕೂತು ಇನ್ನೊಂದು ತಗೊಳ್ಳೋಕಾಗಲ್ಲ. ಕಂಪನಿ ಆ್ಯಪಲ್ಲೋ ಕಸ್ಟಮರ್ ಕೇರಲ್ಲೋ ಪಿಯುಕೆ ತಗೊಂಡೇ ಹಾಕಿ.

ಕಡ್ಡಿ ಪೂರ್ತಿ ಅದೆ, ಕಾಲ್ ಬರ್ತದೆ, ನೆಟ್ ಮಾತ್ರ ಇಲ್ಲ

ಕೇಳಿ ಬರುವ ದೂರಲ್ಲಿ ಇದೇ ಮೊದಲ್ನೇದು, ಸಮಾಧಾನದ ವಿಷಯ ಏನಂದ್ರೆ ಇದು ಹೆಚ್ಚಾಗಿ ಕೈಯಲ್ಲೇ ಸರಿಯಾಗ್ತದೆ.

ಮೊದಲ್ನೇದು ಡೇಟಾ ರೋಮಿಂಗ್ ಬಟನ್. ಹೆಚ್ಚಿನ ಫೋನಲ್ಲಿ ಇದು ಆಫ್ ಆಗೇ ಬರ್ತದೆ, ಬಿಲ್ ಏರದಿರ್ಲಿ ಅಂತ. ಆಂಡ್ರಾಯ್ಡಲ್ಲಿ ಮೊಬೈಲ್ ನೆಟ್ವರ್ಕ್ ಒಳಗೆ ಅದೆ, ಐಫೋನಲ್ಲಿ ಮೊಬೈಲ್ ಡೇಟಾ ಆಪ್ಷನ್ಸ್ ಒಳಗೆ. ಎರಡು ಸಿಮ್ ಇದ್ರೆ ಒಂದೊಂದು ಸಿಮ್ಮಿಗೂ ಬೇರೆ ಬೇರೆ ಬಟನ್ ಇರ್ತದೆ, ಒಂದಕ್ಕೆ ಆನ್ ಮಾಡಿ ಇನ್ನೊಂದರಲ್ಲಿ ನೆಟ್ ಹುಡುಕುವವ್ರು ಧಾರಾಳ. ಪ್ಯಾಕ್ ಹಾಕಿದ್ದು ಮೊದಲ ಸಿಮ್ಮಿಗೆ, ಡೇಟಾ ಓಡ್ತಾ ಇರೋದು ಎರಡನೇದ್ರಲ್ಲಿ. ಪರದೆ ಮೇಲೆ ಎರಡು ಸಾಲು ಕಡ್ಡಿ ಇದ್ದಾಗ 4ಜಿ ಅನ್ನೋ ಅಕ್ಷರ ಯಾವ ಸಾಲಿನ ಪಕ್ಕ ಅದೆ ನೋಡಿ, ಡೇಟಾ ಆ ಸಿಮ್ಮಿನದ್ದು.

ಎರಡನೇದು ಪ್ಯಾಕು. ಯಾವ ಯಾವ ದೇಶ ಅದೆ, ಯಾವ ನೆಟ್ವರ್ಕ್ ಮೇಲೆ ನಡೀತದೆ, ದಿನದ ಲೆಕ್ಕ 24 ಗಂಟೆಯದ್ದೋ ಭಾರತದ ತಾರೀಖಿನದ್ದೋ, ಇದನ್ನ ಹೋಗೋ ಮುಂಚೆ ಓದಿ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಕೆಲವು ಪ್ಯಾಕ್ ಒಂದು ದೇಶದಲ್ಲಿ ಒಂದೇ ಕಂಪನಿ ಮೇಲೆ ಮಾತ್ರ ನಡೀತದೆ. ಫೋನು ಜೋರಾಗಿ ಬರುವ ಇನ್ನೊಂದನ್ನ ಹಿಡ್ಕೊಂಡು ಕೂತ್ರೆ ಕಡ್ಡಿ ತುಂಬಾ ಇರ್ತದೆ, ನೆಟ್ ಇರಲ್ಲ, ಇದ್ರೂ ಪ್ಯಾಕ್ ಹೊರಗಿನ ರೇಟ್. ಆಗ ಮ್ಯಾನುವಲ್ ಆಗಿ ಪ್ಯಾಕಿನಲ್ಲಿ ಹೇಳಿದ ನೆಟ್ವರ್ಕನ್ನೇ ಹಿಡಿಸ್ಬೇಕು. ಗಡಿ ಹತ್ರ ಇದ್ದಾಗಂತೂ ಇದು ಖಂಡಿತ. ಸಿಂಗಾಪುರದ ಉತ್ತರ ತುದಿಯ ವುಡ್‌ಲ್ಯಾಂಡ್ಸಲ್ಲಿ ಎದುರಿನ ಮಲೇಷ್ಯಾದ ಟವರ್ ಬಂದು ಕೂತ್ಕೊಳ್ತದೆ, ನಮ್ಮ ಮಾಜಾಳಿಯಲ್ಲಿ ಗೋವಾ ಟವರ್ ಕೂತ್ಕೊಂಡ ಹಾಗೇ, ವ್ಯತ್ಯಾಸ ಏನಂದ್ರೆ ಇಲ್ಲಿ ದುಡ್ಡು ಹೋಗಲ್ಲ ಅಲ್ಲಿ ಹೋಗ್ತದೆ.

ಮೂರನೇದು ಎಪಿಎನ್. ಡೇಟಾ ಯಾವ ಬಾಗಿಲಿಂದ ಹೋಗ್ಬೇಕು ಅಂತ ಫೋನಿಗೆ ಹೇಳೋ ಒಂದು ಹೆಸ್ರು ಇದು. ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್, ಎಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ. ಯಾರೋ ಫಾಸ್ಟ್ ನೆಟ್ ಬರ್ತದೆ ಅಂತ ವಿಡಿಯೋ ನೋಡಿ ಬೇರೆ ಎಪಿಎನ್ ಹಾಕ್ಕೊಂಡಿರ್ತೀರಿ, ಅದನ್ನ ತೆಗೀರಿ. 'ರಿಸೆಟ್ ಟು ಡಿಫಾಲ್ಟ್' ಒತ್ತಿದ್ರೆ ಸಾಮಾನ್ಯವಾಗಿ ಸರಿಯಾದದ್ದು ತಾನೇ ಬರ್ತದೆ. ಅದರಲ್ಲೇ ಕೆಳಗೆ 'ಎಪಿಎನ್ ರೋಮಿಂಗ್ ಪ್ರೋಟೋಕಾಲ್' ಅಂತ ಇರ್ತದೆ, ಅದನ್ನ ಐಪಿವಿ4 ಮಾಡಿ ನೋಡೋದೂ ಒಂದು ದಾರಿ, ಇದು ನೆಟ್ ವಿಳಾಸದ ಹಳೇ ಪದ್ಧತಿ, ಕೆಲವು ಹೊರದೇಶದ ನೆಟ್ವರ್ಕಿಗೆ ಹೊಸದಾದ ಐಪಿವಿ6 ಜೊತೆ ಹೊಂದಾಣಿಕೆ ಆಗಲ್ಲ.

ಇನ್ನೂ ಆಗ್ಲಿಲ್ವಾ, 5ಜಿ ಆಟೋ ತೆಗೆದು 4ಜಿ ಮಾಡಿ. ಡೇಟಾ ಸೇವರ್, ಯಾವಾಗ್ಲೋ ಹಾಕಿದ ವಿಪಿಎನ್ (ನೆಟ್ಟನ್ನ ಬೇರೆ ಕಡೆಯಿಂದ ಸುತ್ತಿಸಿ ತರೋ ಆ್ಯಪ್), ಜಾಹೀರಾತು ತಡೆಯೋಕೆ ಹಾಕಿದ ಪ್ರೈವೇಟ್ ಡಿಎನ್‌ಎಸ್, ಇವೆಲ್ಲ ಆಫ್ ಮಾಡಿ. ಫೋನಿನ ತಾರೀಖು, ಟೈಮು ಆಟೋಮ್ಯಾಟಿಕ್ ಅದ್ಯಾ ನೋಡಿ, ಟೈಮ್ ತಪ್ಪಿದ್ರೆ ಸುರಕ್ಷಿತ ಸೈಟುಗಳು, ಬ್ಯಾಂಕ್ ಆ್ಯಪ್ ಯಾವ್ದೂ ಬಾಗಿಲು ತೆಗೆಯಲ್ಲ.

ಕೊನೇ ಅಸ್ತ್ರ ನೆಟ್ವರ್ಕ್ ಸೆಟ್ಟಿಂಗ್ಸ್ ರಿಸೆಟ್. ಇದು ಮಾಡಿದ್ರೆ ಸೇವ್ ಆದ ವೈಫೈ ಪಾಸ್‌ವರ್ಡ್ ಎಲ್ಲ ಹೋಗ್ತದೆ, ಹಾಗಾಗಿ ಹೋಟೆಲ್ ವೈಫೈ ಪಾಸ್‌ವರ್ಡ್ ಮೊದ್ಲು ಚೀಟೀಲಿ ಬರ್ಕೊಳ್ಳಿ. ಕೆಲವು ಫೋನಲ್ಲಿ ಅದೇ ಪರದೇಲಿ 'ಇಸಿಮ್ ಕೂಡ ಅಳಿಸಲಾ' ಅಂತ ಕೇಳ್ತದೆ, ಅದಕ್ಕೆ ಟಿಕ್ ಹಾಕ್ಲೇಬೇಡಿ. ಫ್ಯಾಕ್ಟರಿ ರಿಸೆಟ್ ಅಂತೂ ವಿದೇಶದಲ್ಲಿ ಮಾಡೋ ಕೆಲಸವೇ ಅಲ್ಲ.

ಇಸಿಮ್ ತಗೊಂಡೆ, ಕೆಲಸ ಮಾಡ್ತಿಲ್ಲ

ಫೋನು ಇಸಿಮ್ ತಗೊಳ್ತದಾ ಅಂತ ನೋಡೋಕೆ *#06# ಒತ್ತಿ, ಐಎಂಇಐ ಜೊತೆ ಇಐಡಿ ಅಂತ ಉದ್ದ ನಂಬರ್ ಬಂದ್ರೆ ತಗೊಳ್ತದೆ. ಐಫೋನಲ್ಲಿ 2018ರ ಎಕ್ಸ್‌ಎಸ್, ಎಕ್ಸ್‌ಆರ್ ನಂತರದ್ದು ಆಗ್ತದೆ. ಅಮೆರಿಕದಿಂದ ಸಂಬಂಧಿಕರು ತಂದುಕೊಟ್ಟ ಫೋನಾದ್ರೆ ಅದು ಅಲ್ಲಿನ ಕಂಪನಿಗೆ ಲಾಕ್ ಆಗಿದ್ಯಾ ಮೊದ್ಲು ನೋಡಿ.

ದುಡ್ಡು ಕೊಟ್ಟು ಪ್ರವಾಸಿ ಇಸಿಮ್ ಹಾಕ್ಕೊಂಡವ್ರ ದೊಡ್ಡ ತೊಡಕು ಇದು: ಬಿಲ್ ಏರ್ತದೆ ಅಂತ ಹೆದ್ರಿ ಇಸಿಮ್ಮಿಗೂ ಡೇಟಾ ರೋಮಿಂಗ್ ಆಫ್ ಮಾಡಿರ್ತಾರೆ. ಈ ಪ್ರವಾಸಿ ಇಸಿಮ್‌ಗಳಲ್ಲಿ ಹೆಚ್ಚಿನವು ಆ ದೇಶದ ಸಿಮ್ಮೇ ಅಲ್ಲ, ಇನ್ಯಾವುದೋ ದೇಶದ ಕಂಪನಿಯದ್ದು, ಅಲ್ಲಿ ಅದೂ ರೋಮಿಂಗಲ್ಲೇ ಇರ್ತದೆ. ಹಾಗಾಗಿ ಇಸಿಮ್ಮಿಗೆ ರೋಮಿಂಗ್ ಆನ್, ಭಾರತದ ಸಿಮ್ಮಿಗೆ ಡೇಟಾ ರೋಮಿಂಗ್ ಆಫ್. ಐಫೋನಲ್ಲಿ 'ಮೊಬೈಲ್ ಡೇಟಾ ಸ್ವಿಚಿಂಗ್' ಅಂತ ಒಂದು ಬಟನ್ ಅದೆ, ಅದು ಆನ್ ಇದ್ರೆ ಕಾಲ್ ಹೊತ್ತಲ್ಲಿ ಡೇಟಾ ಭಾರತದ ಸಿಮ್ಮಿಗೆ ಹಾರಬಹುದು, ಅದನ್ನೂ ಆಫ್ ಮಾಡಿ.

ಇಸಿಮ್ ಇಳಿಸ್ಕೊಳ್ಳೋಕೇ ನೆಟ್ ಬೇಕು, ಆದ್ರಿಂದ ಮನೇಲಿ ವೈಫೈ ಇದ್ದಾಗ್ಲೇ ಇನ್‌ಸ್ಟಾಲ್ ಮಾಡಿ, ಅಲ್ಲಿ ಹೋಗಿ ಆನ್ ಮಾಡಿ. ಕ್ಯೂಆರ್ ಕೋಡು ಬಹುತೇಕ ಒಂದೇ ಸಲಕ್ಕೆ. ನೆಟ್ ಬರ್ಲಿಲ್ಲ ಅಂತ ಇಸಿಮ್ ಡಿಲೀಟ್ ಮಾಡಿ ಮತ್ತೆ ಸ್ಕ್ಯಾನ್ ಮಾಡೋಣ ಅಂತ ಹೋದ್ರೆ ಅಲ್ಲಿಗೆ ದುಡ್ಡು ಹೋಯ್ತು. ಡಿಲೀಟ್ ಅನ್ನೋದು ಮಾರಿದವ್ರು ಬರೆದು ಹೇಳಿದ್ರೆ ಮಾತ್ರ. ಹಾಂ, ವಾಟ್ಸಾಪ್ 'ನಂಬರ್ ಬದಲಾಯ್ತಾ' ಅಂತ ಕೇಳಿದ್ರೆ ಇಲ್ಲ ಅನ್ನಿ, ಹಳೇ ನಂಬರಲ್ಲೇ ನಡೀತದೆ.

ವಾಟ್ಸಾಪ್ ಮೆಸೇಜ್ ಹೋಗ್ತದೆ, ಕಾಲ್ ಹೋಗಲ್ಲ

ಇದು ಯುಎಇಯಲ್ಲಿ ಮಾಮೂಲು. ಅಲ್ಲಿನ ಸಿಮ್ಮು, ಅಲ್ಲಿನ ವೈಫೈ ಮೇಲೆ ವಾಟ್ಸಾಪ್ ಕಾಲ್ ತಡೆದಿರ್ತಾರೆ, ನಿಮ್ಮ ಫೋನಲ್ಲಿ ಏನೂ ತೊಂದ್ರೆ ಇಲ್ಲ. ಮೆಸೇಜು, ಫೋಟೋ ಎಲ್ಲ ಹೋಗ್ತದೆ. ಅಲ್ಲಿ ಒಪ್ಪಿಗೆ ಇರುವ ಬೋಟಿಮ್ ತರದ ಆ್ಯಪ್ ಹಾಕ್ಕೊಳ್ಳಿ, ಮನೆಯವ್ರ ಫೋನಿಗೂ ಹೋಗೋ ಮುಂಚೆ ಹಾಕಿಕೊಟ್ಟು ಒಮ್ಮೆ ಮಾತಾಡಿ ನೋಡಿ, ಅಜ್ಜಿಗೆ ಫೋನಲ್ಲೇ ಆ್ಯಪ್ ಇನ್‌ಸ್ಟಾಲ್ ಮಾಡೋದು ಹೇಳಿಕೊಡೋದು ಆಗೋ ಮಾತಲ್ಲ.

ಒಂದು ಮಜಾ ಏನಂದ್ರೆ ನಮ್ಮ ಭಾರತದ ಸಿಮ್ಮಿನ ರೋಮಿಂಗಲ್ಲಿದ್ದಾಗ ಬಹಳ ಸಲ ವಾಟ್ಸಾಪ್ ಕಾಲ್ ಹೋಗ್ತದೆ. ಕಾರಣ, ರೋಮಿಂಗ್ ಡೇಟಾ ಸಾಮಾನ್ಯವಾಗಿ ಅಲ್ಲಿಂದ ನೇರ ಇಂಟರ್‌ನೆಟ್ಟಿಗೆ ಹೋಗಲ್ಲ, ಮೊದ್ಲು ಭಾರತದ ಕಂಪನಿಗೆ ಬಂದು ಇಲ್ಲಿಂದ ಹೊರಗೆ ಹೋಗ್ತದೆ. ಚೀನಾದಲ್ಲೂ ಅದೇ ಕಥೆ. ಹೋಟೆಲ್ ವೈಫೈಯಲ್ಲಿ ಗೂಗಲ್, ಜಿಮೇಲ್, ವಾಟ್ಸಾಪ್ ಏನೂ ತೆಗೆಯಲ್ಲ, ಭಾರತದ ಸಿಮ್ಮಿನ ರೋಮಿಂಗಲ್ಲಿ ತೆಗೀತದೆ. ಹಾಗಾಗಿ ಗ್ವಾಂಗ್‌ಝೌಗೆ ಹೋಗುವವ್ರಿಗೆ ನಾನು ಲೋಕಲ್ ಸಿಮ್ಮಿಗಿಂತ ಇಲ್ಲಿನ ರೋಮಿಂಗ್ ಪ್ಯಾಕೇ ವಾಸಿ ಅಂತ ಹೇಳ್ತೇನೆ, ನಾಲ್ಕು ಕಾಸು ಜಾಸ್ತಿ ಆದ್ರೂ ಸೈ. ಪಾರ್ಟಿ ಜೊತೆ ಮಾತಾಡೋಕೆ ಚೀನಾದವ್ರ ವಾಟ್ಸಾಪ್ ತರದ ವಿಚಾಟ್ ಬೇಕೇ ಬೇಕು, ಅದನ್ನ ಊರಲ್ಲೇ ನೋಂದಾಯಿಸಿ, ಯಾಕಂದ್ರೆ ಹೊಸ ಖಾತೆಗೆ ಈಗಾಗ್ಲೇ ವಿಚಾಟ್ ಇರುವ ಒಬ್ರು ನಿಮ್ಮನ್ನ ಖಾತ್ರಿ ಮಾಡಬೇಕು ಅಂತ ಅದು ಕೇಳೋದುಂಟು.

ವಿಪಿಎನ್ ಹಾಕಿದ್ರೆ ಆಯ್ತಲ್ಲ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಯುಎಇಯ 2021ರ ಸೈಬರ್ ಕಾನೂನಿನಲ್ಲಿ ಅಪರಾಧ ಮಾಡೋಕೆ ಅಥವಾ ಮುಚ್ಚಿಡೋಕೆ ಐಪಿ ಅಡ್ರೆಸ್ (ನೆಟ್ಟಲ್ಲಿ ನಿಮ್ಮ ವಿಳಾಸ, ವಿಪಿಎನ್ ಮುಚ್ಚೋದು ಇದನ್ನೇ) ಮರೆಮಾಚಿದ್ರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ ಅಂತ ಬರೆದಿದೆ. ಕಂಪನಿ ಕೊಟ್ಟ ಆಫೀಸ್ ವಿಪಿಎನ್ ಆಫೀಸ್ ಕೆಲಸಕ್ಕೆ ಬಳಸೋದು ಬೇರೆ ವಿಷಯ, ಮನೆಗೆ ವಿಡಿಯೋ ಕಾಲ್ ಮಾಡೋಕೆ ಪುಕ್ಕಟೆ ವಿಪಿಎನ್ ಹಾಕಿ ಆ ತೊಂದ್ರೆ ಮೈಮೇಲೆ ಎಳ್ಕೋಬೇಡಿ.

ನೆಟ್ ಅದೆ, ಒಟಿಪಿ ಬರ್ತಿಲ್ಲ

ವ್ಯಾಪಾರಕ್ಕೆ ಹೋದವ್ರಿಗೆ ನೆಟ್ಟಿಗಿಂತ ದೊಡ್ಡ ತಲೆನೋವು ಇದು, ಪಾರ್ಟಿಗೆ ದುಡ್ಡು ಹಾಕ್ಬೇಕು ಅನ್ನುವಾಗ್ಲೇ ಒಟಿಪಿ ಬರಲ್ಲ. ಒಟಿಪಿ ಬರೋದು ಡೇಟಾದಲ್ಲಿ ಅಲ್ಲ, ಎಸ್‌ಎಂಎಸ್‌ನಲ್ಲಿ, ಅದಕ್ಕೆ ಭಾರತದ ಸಿಮ್ ಆನ್ ಇರ್ಬೇಕು, ಅಲ್ಲಿನ ಟವರ್ ಹಿಡಿದಿರ್ಬೇಕು. ಲೋಕಲ್ ಸಿಮ್ ಹಾಕೋಕೆ ಅಂತ ನಮ್ಮ ಸಿಮ್ ತೆಗೆದು ಪರ್ಸಲ್ಲಿ ಇಟ್ರೆ ಒಟಿಪಿ ಪರ್ಸಿಗೇನೂ ಬರಲ್ಲ. ಸಿಮ್ ಫೋನಲ್ಲೇ ಇರ್ಲಿ, ಡೇಟಾ ರೋಮಿಂಗ್ ಮಾತ್ರ ಆಫ್ ಇರ್ಲಿ. ನಮ್ಮ ಕಂಪನಿಗಳಲ್ಲಿ ರೋಮಿಂಗಲ್ಲಿ ಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ, ಬರುವ ಕಾಲ್ ಎತ್ತಿದ್ರೆ ಮಾತ್ರ ಪ್ಯಾಕ್ ಇಲ್ಲದಿದ್ರೆ ದುಬಾರಿ.

ಪರೀಕ್ಷೆ ಸುಲಭ: ಮನೆಯಿಂದ ಯಾರಾದ್ರೂ ಒಂದು ಮಾಮೂಲಿ ಎಸ್‌ಎಂಎಸ್ ಕಳಿಸ್ಲಿ. ಅದು ಬಂತು, ಬ್ಯಾಂಕಿಂದು ಬರ್ಲಿಲ್ಲ ಅಂದ್ರೆ ದೋಷ ಬ್ಯಾಂಕ್ ಕಡೆ ಅಥವಾ ನಡುದಾರಿಯಲ್ಲಿ. ಅದೂ ಬರ್ಲಿಲ್ಲ ಅಂದ್ರೆ ಸಿಮ್ಮಿನ ಕಡೆ, ಮೇಲಿನ ನೋ ಸರ್ವಿಸ್ ಭಾಗಕ್ಕೆ ವಾಪಸ್ ಹೋಗಿ. ಒಟಿಪಿ ತಡವಾದ್ರೆ ಮತ್ತೆ ಮತ್ತೆ 'ರೀಸೆಂಡ್' ಒತ್ತಬೇಡಿ, ಹಳೇದು ಹೊಸದು ಉಲ್ಟಾಪಲ್ಟಾ ಬಂದು, ತಪ್ಪು ಹಾಕಿ ಹಾಕಿ ಖಾತೆ ಲಾಕ್ ಆಗ್ತದೆ. ಹೊರಡೋ ಮುಂಚೆ ನಿಮ್ಮ ಬ್ರಾಂಚಲ್ಲಿ ಕೇಳಿ, ಇಮೇಲಿಗೂ ಒಟಿಪಿ ಬರ್ತದಾ, ಆ್ಯಪಲ್ಲೇ ಒಪ್ಪಿಗೆ ಕೊಡೋಕಾಗ್ತದಾ ಅಂತ, ಮತ್ತೆ ಕಾರ್ಡಿಗೆ ಇಂಟರ್‌ನ್ಯಾಷನಲ್ ಬಳಕೆ ಆನ್ ಮಾಡ್ಕೊಂಡು ಹೋಗಿ. ಯುಪಿಐ ಆ್ಯಪನ್ನ ಅಲ್ಲಿ ಹೋಗಿ ಲಾಗೌಟ್ ಮಾಡ್ಬೇಡಿ, ಮತ್ತೆ ಚಾಲೂ ಮಾಡೋಕೆ ಅದು ನಿಮ್ಮ ಸಿಮ್ಮಿಂದ ಎಸ್‌ಎಂಎಸ್ ಕಳಿಸ್ತದೆ, ಅಲ್ಲೇ ಸಿಕ್ಕಾಕ್ಕೊಳ್ತೀರಿ.

ಕಾಲ್ ಹೋಗ್ತಿಲ್ಲ ಅನ್ನುವವ್ರಿಗೆ ಇದರ ಪಕ್ಕದ್ದೇ ಒಂದು ಮಾತು: ಕಾಂಟ್ಯಾಕ್ಟಲ್ಲಿ ನಂಬರ್ +91 ಇಲ್ಲದೆ ಸೇವ್ ಆಗಿದ್ರೆ ಹೊರದೇಶದಿಂದ ಹೋಗದೇ ಇರಬಹುದು. ಮನೆ, ಆಫೀಸು, ಬ್ಯಾಂಕು ಇಷ್ಟಾದ್ರೂ +91 ಹಾಕಿ ಸೇವ್ ಮಾಡಿ.

ನೆಟ್ ಆಮೆ ವೇಗ, ಇಲ್ಲಾ ಪ್ಯಾಕ್ ಬೆಳಗಾಗೋದ್ರೊಳಗೆ ಖಾಲಿ

ಎರಡನ್ನೂ ಒಟ್ಟಿಗೇ ಹಾಕಿದ್ದೇನೆ, ಕಾರಣ ಬಹಳ ಸಲ ಒಂದೇ. ದಿನದ ಹೈಸ್ಪೀಡ್ ಡೇಟಾ ಮುಗಿದ ಮೇಲೆ 'ಅನ್‌ಲಿಮಿಟೆಡ್' ಅನ್ನೋದು ಹೆಸ್ರಿಗೆ ಮಾತ್ರ, ವೇಗ ಇಳಿಸ್ಬಿಡ್ತಾರೆ. ಮೊದ್ಲು ಕಂಪನಿ ಆ್ಯಪಲ್ಲಿ ಎಷ್ಟು ಉಳಿದಿದೆ ನೋಡಿ. ಉಳಿದೂ ನಿಧಾನ ಅಂದ್ರೆ ಬೇರೆ ನೆಟ್ವರ್ಕ್ ಮ್ಯಾನುವಲ್ ಆಗಿ ಹಿಡಿದು ನೋಡಿ. ರೋಮಿಂಗ್ ಡೇಟಾ ಭಾರತಕ್ಕೆ ಬಂದು ಹೋಗೋದ್ರಿಂದ ವಿಡಿಯೋ ಕಾಲಲ್ಲಿ ಮಾತು ಸ್ವಲ್ಪ ಹಿಂದೆ ಬೀಳೋದು ಸಹಜ, ಅಮೆರಿಕದಲ್ಲಿ ಅದು ಎದ್ದು ಕಾಣ್ತದೆ, ಅದಕ್ಕೆ ಔಷಧಿ ಇಲ್ಲ, ಮುಖ್ಯವಾದ ಮೀಟಿಂಗಿಗೆ ಹೋಟೆಲ್ ವೈಫೈ ಅಥವಾ ಲೋಕಲ್ ಸಿಮ್ ನೋಡ್ಕೊಳ್ಳಿ.

ಖಾಲಿ ಮಾಡೋ ಕಳ್ಳ ಹೆಚ್ಚಾಗಿ ಲ್ಯಾಪ್‌ಟಾಪು. ಹಾಟ್‌ಸ್ಪಾಟ್ ಕೊಟ್ಟ ಕೂಡ್ಲೆ ಅದು ವೈಫೈ ಅಂತ ತಿಳ್ಕೊಂಡು ವಿಂಡೋಸ್ ಅಪ್‌ಡೇಟ್, ಒನ್‌ಡ್ರೈವ್ ಸಿಂಕ್ ಎಲ್ಲ ಶುರು ಮಾಡ್ತದೆ. ಲ್ಯಾಪ್‌ಟಾಪಿನ ವೈಫೈ ಸೆಟ್ಟಿಂಗಲ್ಲಿ ನಿಮ್ಮ ಹಾಟ್‌ಸ್ಪಾಟ್ ಹೆಸ್ರಿಗೆ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿದ್ರೆ ಬಹುಪಾಲು ನಿಲ್ತದೆ. ಫೋನಲ್ಲಿ ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಎರಡನ್ನೂ ವೈಫೈಯಲ್ಲಿ ಮಾತ್ರ ಅಂತ ಮಾಡಿ, ವಾಟ್ಸಾಪಲ್ಲಿ ರೋಮಿಂಗ್ ಇದ್ದಾಗ ಮೀಡಿಯಾ ತಾನಾಗೇ ಇಳಿಯೋದನ್ನ ಆಫ್ ಮಾಡಿ, ಊರಿನ ಗ್ರೂಪುಗಳ ಗುಡ್ ಮಾರ್ನಿಂಗ್ ವಿಡಿಯೋಗೆ ಡಾಲರ್ ಲೆಕ್ಕದಲ್ಲಿ ದುಡ್ಡು ಕೊಡೋದ್ಯಾಕೆ. ಒಂದು ಗಂಟೆ ಎಚ್‌ಡಿ ವಿಡಿಯೋ ಮೀಟಿಂಗ್ ಸುಮಾರು 1 ಜಿಬಿ ಅಥವಾ ಅದಕ್ಕೂ ಜಾಸ್ತಿ ತಿನ್ನಬಹುದು, ಕ್ಯಾಮೆರಾ ಆಫ್ ಮಾಡಿದ್ರೆ ಅದರ ಒಂದು ಚೂರು ಸಾಕು.

ಆಫೀಸ್ ಮೇಲ್ ಮಾತ್ರ ತೆಗೀತಿಲ್ಲ, ಉಳಿದದ್ದೆಲ್ಲ ಸರಿ ಅದೆ ಅಂದ್ರೆ ಫೋನ್ ಕೆದಕ್ತಾ ಕೂರ್ಬೇಡಿ. ಹೊರದೇಶದಿಂದ ಲಾಗಿನ್ ಆಗ್ತಾ ಅದೆ ಅಂತ ನಿಮ್ಮ ಕಂಪನಿಯ ಐಟಿಯವ್ರ ವ್ಯವಸ್ಥೆಯೇ ತಡೆದಿರ್ತದೆ, ಅವ್ರಿಗೇ ಫೋನ್ ಮಾಡಿ.

ಬಿಲ್ ಏರಿದೆ, ಯಾಕೆ ಅಂತ ಗೊತ್ತಿಲ್ಲ

ಮೂರು ಜಾಗದಲ್ಲಿ ಸೋರ್ತದೆ. ವಿಮಾನದೊಳಗೆ, ಹಡಗಿನೊಳಗೆ ಅವ್ರದ್ದೇ ನೆಟ್ವರ್ಕ್ ಇರ್ತದೆ, ಸ್ಯಾಟಲೈಟ್ ಮೇಲೆ ನಡೆಯೋದು, ಮಾಮೂಲಿ ದೇಶದ ಪ್ಯಾಕಿಗೆ ಅದು ಸೇರಲ್ಲ, ಫೋನು ಅದನ್ನ ಹಿಡ್ಕೊಂಡು ತಾನಾಗೇ ಡೇಟಾ ಎಳೆದ್ರೂ ದುಡ್ಡು. ಏರ್‌ಪ್ಲೇನ್ ಮೋಡ್ ಹಾಕೋದು ವಿಮಾನದ ಸುರಕ್ಷತೆಗೂ ಹೌದು, ನಿಮ್ಮ ಜೇಬಿನ ಸುರಕ್ಷತೆಗೂ ಹೌದು. ಎರಡನೇದು ನಡುದಾರಿಯ ದೇಶ: ಯುರೋಪಿಗೆ ಪ್ಯಾಕ್ ಹಾಕ್ಕೊಂಡು ದೋಹಾದಲ್ಲಿ ವಿಮಾನ ಬದಲಿಸುವಾಗ ಫೋನ್ ಆನ್ ಮಾಡಿದ್ರೆ ಅಲ್ಲಿಗೆ ಪ್ಯಾಕ್ ಇಲ್ಲ. ಮೂರನೇದು ಮೇಲೆ ಹೇಳಿದ ಗಡಿ ಟವರು.

ಬಿಲ್ ಏರ್ತಾ ಅದೆ ಅನ್ನೋ ಮೆಸೇಜ್ ಬಂದ ಕ್ಷಣ ಡೇಟಾ ರೋಮಿಂಗ್ ಆಫ್ ಮಾಡಿ, ಆ ಮೆಸೇಜು, ಟೈಮು, ಪ್ಯಾಕ್ ಚಾಲೂ ಆದ ಮೆಸೇಜು, ಎಲ್ಲದ್ರ ಸ್ಕ್ರೀನ್‌ಶಾಟ್ ತೆಗೀರಿ. ಮೊದ್ಲು ಕಾರಣ ಹುಡುಕೋಣ ಅಂತ ಡೇಟಾ ಆನ್ ಇಟ್ಕೊಂಡೇ ಕೂರೋದು ಬೇಡ.

ಫೋನ್ ಬಿಸಿ, ಹಾಟ್‌ಸ್ಪಾಟ್ ತಾನಾಗೇ ಆಫ್ ಆಗ್ತದೆ

ದುಬೈ ಬೇಸಿಗೆಯಲ್ಲಿ 40 ಡಿಗ್ರಿ ದಾಟೋದು ದಿನದ ಮಾತು, ಐಫೋನಿಗೆ ಆ್ಯಪಲ್ ಹೇಳೋದು 35 ಡಿಗ್ರಿ ತನಕ ಮಾತ್ರ. ಸಿಗ್ನಲ್ ಕಮ್ಮಿ ಇದ್ದಾಗ ಫೋನು ಜಾಸ್ತಿ ಶಕ್ತಿ ಹಾಕ್ತದೆ, ಮೇಲಿಂದ ಹಾಟ್‌ಸ್ಪಾಟ್, ಚಾರ್ಜಿಂಗ್, ಕಾರಿನ ಡ್ಯಾಶ್‌ಬೋರ್ಡ್ ಬಿಸಿಲು, ಎಲ್ಲ ಸೇರಿ ತಾನೇ ಕೆಲಸ ನಿಲ್ಲಿಸ್ತದೆ. ಚಾರ್ಜಿಂಗ್ ತೆಗೀರಿ, ಕವರ್ ಬಿಚ್ಚಿ, ನೆರಳಲ್ಲಿಡಿ. ಫ್ರಿಜ್ಜಿಗೆ ಹಾಕೋದು, ಎಸಿ ಗಾಳಿಗೆ ಹಿಡಿಯೋದು ಬೇಡ, ಒಳಗೆ ತೇವ ಕಟ್ಟಿದ್ರೆ ಇನ್ನೊಂದು ರಗಳೆ.

ಹಿಂಬದಿ ಉಬ್ಬಿದ್ರೆ, ಪರದೆ ಎದ್ದು ಬಂದ್ರೆ, ವಿಚಿತ್ರ ಸಿಹಿ ವಾಸನೆ ಬಂದ್ರೆ ಅಲ್ಲಿಗೆ ನಿಲ್ಲಿಸಿ. ಚಾರ್ಜ್ ಮಾಡ್ಬೇಡಿ, ಒತ್ತಬೇಡಿ, ಅದನ್ನ ತಗೊಂಡು ವಿಮಾನ ಹತ್ತಬೇಡಿ, ಅಂಗಡಿಗೆ ಕೊಡಿ. ಪವರ್‌ಬ್ಯಾಂಕ್ ಯಾವತ್ತೂ ಕೈಚೀಲದಲ್ಲೇ, ಚೆಕ್‌ಇನ್ ಬ್ಯಾಗಲ್ಲಿ ಹಾಕೋ ಹಾಗಿಲ್ಲ, 100 ವ್ಯಾಟ್ ಅವರ್ ಒಳಗಿರ್ಬೇಕು, ಸಾಮಾನ್ಯ 20,000 ಎಂಎಎಚ್‌ದು ಸುಮಾರು 74 ಆಗ್ತದೆ. ವಿಮಾನದೊಳಗೆ ಬಳಸೋ ಹಾಗಿಲ್ಲ ಅಂತ ಕೆಲವು ಕಂಪನಿಗಳು ನಿಯಮ ಮಾಡಿವೆ, ಹತ್ತೋ ಮುಂಚೆ ಓದ್ಕೊಳ್ಳಿ.

ಏನು ಮಾಡಿದ್ರೂ ಆಗ್ತಿಲ್ಲ, ಯಾರನ್ನ ಕೇಳೋದು

ನಿಮ್ಮ ಸಿಮ್ಮನ್ನ ಗೆಳೆಯನ ಫೋನಿಗೆ, ಗೆಳೆಯನ ಸಿಮ್ಮನ್ನ ನಿಮ್ಮ ಫೋನಿಗೆ ಹಾಕಿ ನೋಡಿ. ದೋಷ ಸಿಮ್ ಜೊತೆ ಹೋದ್ರೆ ಕಂಪನಿಗೆ ಹೇಳ್ಬೇಕು, ಫೋನಲ್ಲೇ ಉಳಿದ್ರೆ ರಿಪೇರಿಯವ್ರಿಗೆ. ಅಲ್ಲಿನ ರಸ್ತೆಬದಿಯಲ್ಲಿ ಫೋನ್ ಬಿಚ್ಚಿಸೋಕೆ ನಾನು ಹೇಳಲ್ಲ, ಎರಡ್ಮೂರು ದಿನದ ಕೆಲಸಕ್ಕೆ ಒಂದು ಕಮ್ಮಿ ರೇಟಿನ ಫೋನು ತಗೊಳ್ಳೋದೇ ವಾಸಿ.

ಕಸ್ಟಮರ್ ಕೇರಿನ 198, 121 ತರದ ಸಣ್ಣ ನಂಬರು ಹೊರದೇಶದಿಂದ ಹೋಗುತ್ತೆ ಅಂತ ನಂಬ್ಕೊಂಡು ಕೂರ್ಬೇಡಿ, +91 ಇಂದ ಶುರುವಾಗೋ ರೋಮಿಂಗ್ ಸಹಾಯವಾಣಿ ನಂಬರ್ ಕಂಪನಿ ಸೈಟಲ್ಲಿ ಇರ್ತದೆ, ಊರಲ್ಲೇ ಸೇವ್ ಮಾಡಿ. ಕಂಪನಿಯವ್ರು ಅಂತ ಹೇಳ್ಕೊಂಡು ಯಾರಾದ್ರೂ ತಾವಾಗೇ ಫೋನ್ ಮಾಡಿ "ನಿಮ್ಮ ರೋಮಿಂಗ್ ಸರಿ ಮಾಡ್ತೇವೆ, *401* ಹೊಡ್ದು ಈ ನಂಬರ್ ಒತ್ತಿ" ಅಂದ್ರೆ ಕಟ್ ಮಾಡಿ, ಅದು ನಿಮ್ಮ ಕಾಲನ್ನ ಅವ್ರ ಫೋನಿಗೆ ತಿರುಗಿಸೋ ಮೋಸ, ಕಾಲಲ್ಲಿ ಬರೋ ಒಟಿಪಿ ಅವ್ರ ಕೈಗೆ ಹೋಗ್ತದೆ.

ನೀವಾಗಿ ಕಸ್ಟಮರ್ ಕೇರಿಗೆ ಫೋನ್ ಮಾಡಿದಾಗ "ನೆಟ್ ಬರ್ತಿಲ್ಲ" ಅಂದ್ರೆ ಅವ್ರು ರೀಸ್ಟಾರ್ಟ್ ಮಾಡಿ ಅಂತ ಹೇಳಿ ಇಡ್ತಾರೆ. ಯಾವ ದೇಶ, ಯಾವ ಊರು, ಪರದೆ ಮೇಲೆ ಯಾವ ನೆಟ್ವರ್ಕ್ ಹೆಸ್ರು, ಯಾವ ಪ್ಯಾಕ್ ಎಷ್ಟೊತ್ತಿಗೆ ಚಾಲೂ ಆಯ್ತು, ಮ್ಯಾನುವಲ್ ಆಗಿ ಯಾವ್ಯಾವ್ದು ಹಿಡಿಸಿದ್ರಿ, ಏನು ಉತ್ತರ ಬಂತು, ಇಷ್ಟನ್ನ ಒಂದೇ ಉಸಿರಲ್ಲಿ ಹೇಳಿ, ದೂರಿನ ನಂಬರ್ ತಗೊಂಡೇ ಫೋನ್ ಇಡಿ. ಬಿಲ್ ವಿಷಯ ಅವ್ರು ಸರಿ ಮಾಡದಿದ್ರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗ್ಬೋದು, ಅಲ್ಲಿ ಮೊದ್ಲು ಕೇಳೋದು ಆ ದೂರಿನ ನಂಬರನ್ನೇ.